ಚಾವಿ ತೆಗೆದರೂ ನಿಲ್ಲದ ಎಂಜಿನ್ನು

ಹಾಶಿಮ ಮಿಸ್ತ್ರಿ ಓಡುವ ಎಂಜಿನ್ನಿಗೆ ಬೆನ್ನು ತಿರುಗಿಸಿ ನಿಲ್ಲುತ್ತಾರೆ. ಬಾನೆಟ್ ಎತ್ತಿಸಿ, ಗಾಡಿಯನ್ನು ಚಾಲೂ ಮಾಡಿಸಿ, ಉಳಿದವರೆಲ್ಲ ಒಳಗೆ ಬಗ್ಗಿ ನೋಡುತ್ತಿರುವಾಗ ಅವರೊಬ್ಬರು ಮಾತ್ರ ಎರಡೂ ಕೈಗಳನ್ನು ಕೋಟಿನ ಜೇಬಿಗೆ ಇಳಿಬಿಟ್ಟು, ಗ್ಯಾರೇಜಿನ ಮಸಿ ಹಿಡಿದ ಗೋಡೆಯ ಕಡೆ ಮುಖ ಮಾಡಿ, ಕಣ್ಣು ಅರೆಮುಚ್ಚಿ, ಯಾರೋ ಬಹಳ ದೂರದಿಂದ ತಮ್ಮ ಹೆಸರು ಹಿಡಿದು ಕರೆದರೋ ಇಲ್ಲವೋ ಎಂದು ಅನುಮಾನಿಸುವವರಂತೆ ನಿಂತುಬಿಡುತ್ತಾರೆ. ಹೊಸಬರಿಗೆ ಇದು ಸಿಟ್ಟಿನಂತೆ ಕಾಣುತ್ತದೆ, ಕೆಲವರಿಗೆ ಪ್ರಾರ್ಥನೆಯಂತೆ. ಕಾರಣ ಕೇಳಿದಾಗ ನನಗೆ ಹೇಳಿದ್ದು ಇಷ್ಟೇ: “ನೋಡಾಕ ಹತ್ತಿದ್ರ ಕಿವಿ ಮುಚ್ಚತಾವ್ರಿ ಸರ.”

ದಾಂಡೇಲಿಯಿಂದ ಹಳಿಯಾಳಕ್ಕೆ ಹೋಗುವ ರಸ್ತೆಯ ಬದಿಗೆ, ಪೇಪರ್ ಮಿಲ್ಲಿನ ಭೋಂಗಾ ಸ್ಪಷ್ಟವಾಗಿ ಕೇಳಿಸುವಷ್ಟು ದೂರದಲ್ಲಿ, ಅವರ ತಗಡಿನ ಗ್ಯಾರೇಜಿದೆ. ಇಲ್ಲಿಯ ಕಾಲೇಜಿನಲ್ಲಿ ಕನ್ನಡ ಕಲಿಸುವ ನನಗೆ ಅದರ ಪರಿಚಯವಾದದ್ದು ನನ್ನ ಮುದಿ ಕಾರಿನ ದೆಸೆಯಿಂದ. ಆಮೇಲೆ ಕಾರಿಗೆ ಏನೂ ಆಗದ ದಿನಗಳಲ್ಲೂ ಹೋಗಿ ಕೂರುವ ಚಟ ಬೆಳೆಯಿತು. ಮಿಸ್ತ್ರಿ ಎತ್ತರದ ಆಳು. ನಡೆಯುವಾಗ ಎಡಗಾಲನ್ನು ಸ್ವಲ್ಪ ಹೊರಕ್ಕೆ ಎಸೆದು, ನೆಲ ಇನ್ನೂ ಅಲ್ಲಿಯೇ ಇದೆಯೇ ಎಂದು ಪರೀಕ್ಷಿಸಿ, ಆಮೇಲೆ ಮೈಭಾರ ಬಿಡುವ ನಡಿಗೆ. ಮೈಮೇಲೆ ಮುಂಡಗೋಡದ ಟಿಬೇಟಿಯನ್ ಕ್ಯಾಂಪಿನಲ್ಲಿ ಎಂದೋ ಕೊಂಡ ದಪ್ಪ ಉಣ್ಣೆಯ ಕೋಟು. ಒಂದು ಕಾಲಕ್ಕೆ ನೀಲಿಯಾಗಿದ್ದಿರಬೇಕು, ಈಗ ಎಣ್ಣೆ, ಮಸಿ, ತುಕ್ಕುಗಳೆಲ್ಲ ಸೇರಿ ಹೆಸರಿಲ್ಲದ ಬಣ್ಣವಾಗಿದೆ. ಏಪ್ರಿಲ್ ತಿಂಗಳ ಉರಿಯಲ್ಲೂ ಅದನ್ನು ಅವರು ತೆಗೆಯುವುದಿಲ್ಲ. ಹೊರಗಿನ ಬಿಸಿ ಒಳಗೆ ಬರದಿರಲಿ ಎಂದೇ ಹಾಕಿಕೊಳ್ಳುವುದಂತೆ. ಅವರ ಹೆಂಡತಿ ಸುಗರಾ ಒಮ್ಮೆ ಚಹಾ ಕೊಡುತ್ತ ನಗೆಯಾಡಿದ್ದರು: “ಇವರು ಹೋದ ಮ್ಯಾಲೂ ಈ ಕೋಟ ಒಂದ ನಡಕೋತ ಗ್ಯಾರೇಜಿಗೆ ಹೊಕ್ಕೈತ್ರಿ.” ಹಾಶಿಮ ಮಿಸ್ತ್ರಿ ನಗಲಿಲ್ಲ. ಆ ಮಾತನ್ನು ಒಂದು ಸಂಭವವೆಂಬಂತೆ ಆಲೋಚಿಸುತ್ತ ಚಹಾ ಕುಡಿದರು.

ಮಾತು ಕಡಿಮೆ, ಇರುವ ಮಾತಿಗೂ ಒಂದು ಬಾಲ ಉಂಟು. ಏನು ಹೇಳಬೇಕಾದರೂ ಮೊದಲು “ಹಂಗಂತ ಅಲ್ಲ” ಎಂದು ಯಾರೂ ಆಡದ ಮಾತೊಂದನ್ನು ಅಲ್ಲಗಳೆದು, ಆಮೇಲೆ “ಆದ್ರ” ಎಂದು ಶುರು ಮಾಡುತ್ತಾರೆ. ಅವರ ಮನಸ್ಸಿನೊಳಗೆ ಸದಾ ಯಾರೋ ಒಬ್ಬರು ಕೂತು ವಾದ ಮಾಡುತ್ತಿರುವಂತೆ, ನಮಗೆ ಕೇಳಿಸುವುದು ಆ ವಾದದ ಅರ್ಧ ಭಾಗ ಮಾತ್ರ ಎಂಬಂತೆ, ಕೂತವರಿಗೆ ಅನ್ನಿಸುತ್ತದೆ.

ಸ್ಪಾರ್ಕ್ ಪ್ಲಗ್ಗಿನ ವಿಷಯದಲ್ಲಿ ಅವರ ಹಟ ಈ ಸೀಮೆಯಲ್ಲೆಲ್ಲ ಪ್ರಸಿದ್ಧ. ಎಂಜಿನ್ನನ್ನು ಮಾರ್ಪಡಿಸಿ ವೇಗದ ಗಾಡಿ ಮಾಡಿಕೊಂಡವರು ಬೆಳಗಾವಿ, ಗೋವೆಗಳಿಂದಲೂ ಅವರಲ್ಲಿಗೆ ಬರುತ್ತಾರೆ. ಬಂದವರು ಪ್ಲಗ್ ಕೇಳಿದರೆ ಅವರು ಕೊಡುವುದಿಲ್ಲ; ಮೊದಲು ತಾವೇ ಆ ಗಾಡಿಯಲ್ಲಿ, ಓಡಿಸುವವರ ಪಕ್ಕದಲ್ಲಿ ಕುಳಿತು ಒಂದು ಸುತ್ತು ಹೋಗಿಬರಬೇಕು. ಯಾಕೆಂದು ನನಗೆ ಬಿಡಿಸಿ ಹೇಳಿದ್ದರು. ಪ್ಲಗ್ಗು ಕಿಡಿ ಹಾರಿಸುತ್ತದೆ, ಅದು ಎಲ್ಲರಿಗೂ ಗೊತ್ತು; ಆದರೆ ಅದು ಹಗಲೆಲ್ಲ ಬೆಂಕಿಯ ಬಾಯಲ್ಲೇ ಕೂತಿರುತ್ತದೆ, ಆ ಬೆಂಕಿಯಿಂದ ತಾನು ಪಡೆದ ಬಿಸಿಯನ್ನು ಹಿಂದಕ್ಕೆ ದಾಟಿಸಲೂ ಬೇಕು. ಬಿಸಿಯನ್ನು ಬೇಗ ಬಿಟ್ಟುಕೊಡುವುದು ಥಂಡಿ ಪ್ಲಗ್ಗು, ಹಿಡಿದಿಟ್ಟುಕೊಳ್ಳುವುದು ಬಿಸಿ ಪ್ಲಗ್ಗು. ಸಾವಕಾಶ ಓಡಿಸುವವನಿಗೆ ಥಂಡಿಯದನ್ನು ಕೊಟ್ಟರೆ ಮಸಿ ಹಿಡಿದು ಎಂಜಿನ್ನು ಕೆಮ್ಮತೊಡಗುತ್ತದೆ. ಜೋರು ಓಡಿಸುವವನಿಗೆ ಬಿಸಿಯದನ್ನು ಕೊಟ್ಟರೆ ಅದರ ತುದಿ ಕೆಂಡವಾಗಿ, ಕಿಡಿ ಬರುವ ಮೊದಲೇ ತಾನೇ ಬೆಂಕಿ ಹಚ್ಚಿ, ಕೊನೆಗೆ ಪಿಸ್ಟನ್ನನ್ನೇ ಕರಗಿಸಿಬಿಡುತ್ತದೆ. ಕಂಪನಿಯವರು ಇದನ್ನೇ ಹೀಟ್ ರೇಂಜ್ ಎಂದು ಅಂಕಿಯಲ್ಲಿ ಬರೆದಿರುತ್ತಾರೆ. “ಅಂಕಿ ಗಾಡಿದು ಹೇಳತೈತ್ರಿ,” ಎನ್ನುತ್ತಾರೆ ಹಾಶಿಮ ಮಿಸ್ತ್ರಿ, “ಮನಿಷ್ಯಾಂದು ಹೇಳೂದಿಲ್ಲ.”

ಬೆಳಗಾವಿಯ ಬಾಳೇಶ ಎಂಬ ತರುಣನೊಬ್ಬ, ಸೈಲೆನ್ಸರಿನ ಅಬ್ಬರಕ್ಕೆ ಬೀದಿನಾಯಿಗಳು ದಿಕ್ಕಾಪಾಲಾಗುವಂಥ ಕಾರು ತಂದು, ತನಗೆ ಎಲ್ಲಕ್ಕಿಂತ ಥಂಡಿಯ ಪ್ಲಗ್ಗೇ ಬೇಕೆಂದು ಕುಳಿತಿದ್ದ. ಅವನ ಜೊತೆ ಹಳಿಯಾಳದವರೆಗೆ ಹೋಗಿಬಂದ ಮಿಸ್ತ್ರಿ, ಗಾಡಿ ಕಂಪನಿಯಿಂದ ಬಂದಾಗ ಇದ್ದಂಥ ಸಾದಾ ಪ್ಲಗ್ಗುಗಳನ್ನೇ ಹಾಕಿ ಕಳಿಸಿದರು. “ಹಂಗಂತ ಅಲ್ಲ ತಮ್ಮಾ, ಆದ್ರ ನೀ ಭಾಳ ಸಂಭಾವಿತ ಮನಿಷಾ ಅದಿ. ಗಾಡಿ ಅಷ್ಟ ಒದರತೈತಿ.” ಅವನು ಸಿಟ್ಟಿನಿಂದಲೇ ಹೋದ, ಮರು ವರ್ಷ ಅದೇ ಪ್ಲಗ್ಗು ಕೇಳಿಕೊಂಡು ಬಂದ. ಮಿಲ್ಲಿನ ಸೋಮಪ್ಪನವರ ಸಂಗತಿ ಇದಕ್ಕಿಂತ ವಿಚಿತ್ರ. ಅವರ ಕಾರಿನ ಪ್ಲಗ್ಗನ್ನು ಬಿಚ್ಚಿ ಬೆಳಕಿಗೆ ಹಿಡಿದು ಮಿಸ್ತ್ರಿ, “ಇದನ್ನ ನೀವೊಬ್ರ ಓಡಸೂದಿಲ್ರಿ. ಮ್ಯಾಲಿನ ಮಸಿ ನಿಮ್ಮದು. ಕೆಳಗ ಸುಟ್ಟ ಕಲೆ ಐತಲ್ಲ, ಅದು ಬ್ಯಾರೆ ಯಾರದೋ,” ಎಂದಾಗ ಸೋಮಪ್ಪನವರ ಮುಖ ಬಿಳಿಚಿದ್ದನ್ನು ನಾನೇ ಕಂಡಿದ್ದೇನೆ. ಅವರು ಪಾಳಿಯ ಮೇಲಿದ್ದಾಗ ಹೆಂಡತಿ ಗಿರಿಜಾಬಾಯಿ ಗುಟ್ಟಾಗಿ ಕಾರು ಕಲಿತು ಮೌಳಂಗಿಯ ಹೊಳೆದಂಡೆಯವರೆಗೆ ಶರವೇಗದಲ್ಲಿ ಹೋಗಿಬರುತ್ತಿದ್ದ ಸಂಗತಿ ವಾರದೊಳಗೆ ಬಯಲಾಗಿ ಎಲ್ಲರೂ ನಕ್ಕರು. ಆದರೂ, ಆ ಬೂದುಬಣ್ಣದ ಪಿಂಗಾಣಿ ಚೂರಿನಲ್ಲಿ ಕಾಣದವರೊಬ್ಬರ ಕಾಲಿನ ಒತ್ತು ಉಳಿದಿತ್ತು ಎಂಬುದನ್ನು ನೆನೆದರೆ ನನಗೆ ಈಗಲೂ ನಗು ಪೂರ್ತಿ ಬರುವುದಿಲ್ಲ.

ಜ್ಯೋತಿಬಾ ಅವರಲ್ಲಿಗೆ ಬಂದದ್ದು ಇದಾದ ಮೇಲೆ. ಜೊಯಿಡಾದ ಕಡೆ ಕಾಡಿನಂಚಿಗೆ ಪ್ರವಾಸಿಗಳಿಗಾಗಿ ಕೋಣೆಗಳನ್ನು ಕಟ್ಟಿಸಿ ನಡೆಸುತ್ತಿದ್ದ, ನಡುವಯಸ್ಸಿನ, ಕುಳಿತಲ್ಲಿ ಕೂರದ ಮನುಷ್ಯ. ಗೋವೆಯಲ್ಲಿ ಯಾರಿಂದಲೋ ಎರಡು ಬಾಗಿಲಿನ ಹಳೆಯ ವಿದೇಶಿ ಸ್ಪೋರ್ಟ್ಸ್ ಕಾರನ್ನು ತಂದು, ಬೇರೆ ಊರಿನಲ್ಲಿ ಅದರ ಎಂಜಿನ್ನಿನ ಹೆಡ್ ತೇಯಿಸಿ ಒತ್ತಡ ಹೆಚ್ಚಿಸಿ, ಎರಡು ಕಾರ್ಬುರೇಟರ್ ಕೂರಿಸಿಕೊಂಡಿದ್ದ. ಪ್ಲಗ್ಗು ಮಾತ್ರ ಹಳೆಯವೇ ಉಳಿದಿದ್ದವು. ಒಳಗಿನ ಬೆಂಕಿ ದೊಡ್ಡದಾಗಿತ್ತು, ಬಿಸಿ ದಾಟಿಸುವ ದಾರಿ ಮೊದಲಿನಷ್ಟೇ ಇತ್ತು. ಹೀಗಾಗಿ ಚಾವಿ ತೆಗೆದ ಮೇಲೂ ಆ ಎಂಜಿನ್ನು ನಿಲ್ಲುತ್ತಿರಲಿಲ್ಲ. ಕೆಂಡವಾದ ಪ್ಲಗ್ಗಿನ ತುದಿಗೆ ಪೆಟ್ರೋಲು ತಾಗಿ ಹೊತ್ತಿಕೊಂಡು, ಮೈಯೆಲ್ಲ ನಡುಗುತ್ತ ಇನ್ನಷ್ಟು ಹೊತ್ತು ತಿರುಗಿ, ಆಮೇಲೆ ಒಂದು ನಿಟ್ಟುಸಿರಿನಂಥ ಸದ್ದು ಮಾಡಿ ತಣ್ಣಗಾಗುತ್ತಿತ್ತು. ಜ್ಯೋತಿಬಾನ ಪಕ್ಕ ಕುಳಿತು ಹೋಗಿಬಂದ ಮಿಸ್ತ್ರಿ, ಎರಡು ಮೆಟ್ಟಿಲು ಥಂಡಿಯ ಪ್ಲಗ್ಗು ಬೇಕೆಂದು ಹುಬ್ಬಳ್ಳಿಗೆ ಹೇಳಿಕಳಿಸಿದರು. ಅವು ಬರುವ ಮೊದಲೇ ಜ್ಯೋತಿಬಾ ತೀರಿಕೊಂಡ.

ಅಪಘಾತವಲ್ಲ. ಹೆಂಡತಿ ಸುವರ್ಣಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಜೊಯಿಡಾ ರಸ್ತೆಯಲ್ಲಿ ಹೋಗುತ್ತಿದ್ದವನು ತಿರುವಿನ ಹತ್ತಿರ, ಒಂದು ಮೋರಿಯ ಪಕ್ಕ, ಕಾರನ್ನು ನೆಟ್ಟಗೆ ಬದಿಗೆ ನಿಲ್ಲಿಸಿ ಚಾವಿ ತಿರುಗಿಸಿದ. ಎಂಜಿನ್ನು ಎಂದಿನಂತೆ ನಡುಗುತ್ತಲೇ ಇತ್ತು. ಅದು ನಿಲ್ಲುವಷ್ಟರಲ್ಲಿ ಅವನ ಎದೆಯೂ ನಿಂತಿತ್ತು.

ಸುವರ್ಣಾ ಧಾರವಾಡದ ಕಡೆಯವಳು. ದಾಂಡೇಲಿಯ ಬಸ್ ನಿಲ್ದಾಣದ ಹತ್ತಿರ ಔಷಧಿ ಅಂಗಡಿ ಇಟ್ಟುಕೊಂಡಿದ್ದಾಳೆ. ಅಳತೆ ಮೀರಿ ಮಾತಾಡದ, ಅಳತೆ ಮೀರಿ ನಗದ ಹೆಣ್ಣುಮಗಳು. ಕಾರನ್ನು ಅವಳು ಮಾರಲಿಲ್ಲ. ಮಳೆಗಾಲ ಕಳೆದು ಬಿಸಿಲು ಹಳದಿಗೆ ತಿರುಗಿದ ದಿನಗಳಲ್ಲಿ, ಒಂದು ಮಧ್ಯಾಹ್ನ, ತಾನೇ ಓಡಿಸಿಕೊಂಡು ಗ್ಯಾರೇಜಿಗೆ ಬಂದಳು. ಚಾವಿ ತೆಗೆದು ಕೈಯಲ್ಲಿ ಹಿಡಿದು ಇಳಿದಳು. ಹಿಂದೆ ಕಾರು ತನ್ನಷ್ಟಕ್ಕೆ ನಡುಗುತ್ತಿತ್ತು. ಬಾಯಿ ತೆರೆದಿದ್ದವಳು ಮಾತು ಆಡದೆ, ತಲೆ ತುಸು ಬಾಗಿಸಿ, ಅದು ಪೂರ್ತಿ ಶಾಂತವಾಗುವವರೆಗೆ ಕಾದು ನಿಂತಳು. ಹಿರಿಯರೊಬ್ಬರು ಎದ್ದು ಹೋಗುವವರೆಗೆ ನಾವು ನಿಲ್ಲುತ್ತೇವಲ್ಲ, ಹಾಗೆ.

“ಕ್ಲಚ್ ಬಿರುಸ ಆಗೇತ್ರಿ ಹಾಶಿಮಭಾಯಿ,” ಎಂದಳು ಆಮೇಲೆ. “ಅಷ್ಟ ನೋಡ್ರಿ. ಬ್ಯಾರೆ ಏನೂ ಮುಟ್ಟಬ್ಯಾಡ್ರಿ.”

ಅವಳು ಹೋದ ಮೇಲೆ ಮಿಸ್ತ್ರಿ ಮುಟ್ಟಿದರು. ಬಿಚ್ಚಿದ ಪ್ಲಗ್ಗುಗಳನ್ನು ನನ್ನ ಅಂಗೈಮೇಲಿಟ್ಟರು. ಸರಿಯಾದ ಪ್ಲಗ್ಗಿಗೆ ಬಿಸ್ಕಿಟಿನ ಬಣ್ಣವಿರುತ್ತದೆ. ಇವು ಸುಟ್ಟ ಎಲುಬಿನಂತೆ ಬೆಳ್ಳಗಿದ್ದವು, ಅಂಚಿಗೆ ಸಾಸಿವೆಗಿಂತ ಸಣ್ಣ ಗುಳ್ಳೆಗಳೆದ್ದಿದ್ದವು. “ಹಂಗಂತ ಅಲ್ರಿ ಸರ, ಆದ್ರ ಇವುಗೋಳ ಮ್ಯಾಲ ಆ ಹೆಣ್ಣಮಗಳನ್ನ ಅಡವಿಯಾಗ ಹೆಂಗ ಕಳಸ್ಲಿ? ಪಿಸ್ಟನ್ನಿಗೆ ತೂತ ಬಿದ್ದು ತಿರುವಿನಾಗ ಎಂಜಿನ್ ಹಿಡಕೊಂಡ್ರ ಗಾಡಿ ಆಕಿ ಮಾತ ಕೇಳೂದಿಲ್ಲ.” ಕಪಾಟಿನಲ್ಲಿ ಜ್ಯೋತಿಬಾನಿಗೆಂದು ತರಿಸಿದ ಥಂಡಿ ಪ್ಲಗ್ಗುಗಳು ಹಾಗೆಯೇ ಇದ್ದವು. ಕ್ಲಚ್ ಸರಿಮಾಡಿ, ಅವನ್ನೂ ಹಾಕಿದರು.

ಮರುದಿನ ಬೆಳಿಗ್ಗೆ ಗಾಡಿ ಒಯ್ದ ಸುವರ್ಣಾ ಮಧ್ಯಾಹ್ನ ತಿರುಗಿ ಬಂದಾಗ ನಾನು ಅಲ್ಲೇ ಇದ್ದೆ. ಕಾರು ಗೇಟಿನೊಳಗೆ ಕೆಮ್ಮುತ್ತ ಬಂತು, ಚಾವಿ ತೆಗೆದೊಡನೆ ಕತ್ತರಿಸಿದಂತೆ ನಿಂತಿತು. ಅವಳು ಇಳಿಯಲಿಲ್ಲ. ಮಿಸ್ತ್ರಿಯೇ ಕಿಟಕಿಯ ಬಳಿ ಹೋದರು.

“ಏನ ಮಾಡಿದ್ರಿ ನೀವು?” ಧ್ವನಿಯಲ್ಲಿ ಕೋಪವಿರಲಿಲ್ಲ, ಕೋಪ ಮುಗಿದ ಮೇಲೆ ಉಳಿಯುವುದು ಇತ್ತು. “ಆ ಮೋರಿ ಹಂತೇಕ ಹೋಗಿ ನಿಲ್ಲಿಸಿದೆ. ಚಾವಿ ತೆಗದೆ. ಒಮ್ಮಿಗೇ ಸುಮ್ಮನಾತು. ಅವರಿಗೆ ಇಳಿಯಾಕೂ ಬಿಡಲಿಲ್ಲ ನೀವು.”

ಆಗ ನಮಗೆ ತಿಳಿಯಿತು: ಅಂಗಡಿಗೆ ರಜೆಯಿರುವ ಸೋಮವಾರಗಳಲ್ಲಿ ಅವಳು ಆ ತಿರುವಿನವರೆಗೆ ಹೋಗಿ, ಗಂಡ ನಿಲ್ಲಿಸಿದ ಜಾಗದಲ್ಲೇ ನಿಲ್ಲಿಸಿ, ಚಾವಿ ತೆಗೆಯುತ್ತಿದ್ದಳು. ಎಂಜಿನ್ನು ನಡುಗುವಷ್ಟು ಹೊತ್ತು ಅವನು ಇರುತ್ತಿದ್ದ. ಈ ವಾರ ಕ್ಲಚ್ಚಿನಿಂದಾಗಿ ಒಂದು ದಿನ ತಡವಾಗಿತ್ತು, ಅಷ್ಟೇ. “ಪ್ಲಗ್ ಬಿಸಿ ಆಗಿ ಹಂಗ ಆಗತೈತಿ ಅಂತ ನನಗೂ ಗೊತ್ತೈತ್ರಿ. ಅವರ ಹೇಳಿದ್ರು. ಹಳೇವ ವಾಪಸ ಹಾಕ್ರಿ.”

ಇಂಥಲ್ಲಿ ನಾನಾಗಿದ್ದರೆ ಬುದ್ಧಿ ಹೇಳುತ್ತಿದ್ದೆ. ಮಿಸ್ತ್ರಿ ಹಳೆಯ ಪ್ಲಗ್ಗುಗಳನ್ನು ಕಪಾಟಿನಿಂದ ಹೊರಗೆ ತೆಗೆದಿಟ್ಟರು. ಆಮೇಲೆ, “ಹಾಕ್ತೀನಿ. ಆದ್ರ ನಾನೂ ಬಾಜೂಕ ಕೂಡ್ತೀನಿ. ಸಾವಕಾಶ ಹೋಗೂಣು,” ಎಂದು, ನನ್ನ ಕಡೆ ತಿರುಗಿ, “ಸರ, ನೀವೂ ಬರ್ರಿ,” ಎಂದರು. ಆ ಕರೆಯಲ್ಲಿ ಒಂದು ಅಳುಕಿತ್ತು. ಅವರಿಗೆ ಸಾಕ್ಷಿ ಬೇಕಿತ್ತೋ ಸಂಗಾತಿ ಬೇಕಿತ್ತೋ ತಿಳಿಯದು. ಹೊರಡುವ ಮೊದಲು ಬಿಚ್ಚುವ ಪಾನಾಗಳ ಜೊತೆ ಪ್ಲಗ್ಗಿನ ಎರಡು ಪೊಟ್ಟಣಗಳನ್ನು ಜೇಬಿಗೆ ಹಾಕಿಕೊಂಡರು.

ಹಿಂದಿನ ಇಕ್ಕಟ್ಟಾದ ಸೀಟಿನಲ್ಲಿ ನಾನು ಮೊಣಕಾಲು ಮಡಚಿ ಕುಳಿತೆ. ರಸ್ತೆಯ ಎರಡೂ ಬದಿಗೆ ಬಿದಿರು ಬಾಗಿ ಬಿಸಿಲನ್ನು ಚೂರು ಚೂರು ಮಾಡಿತ್ತು. ಎಲ್ಲೋ ಮೇಲೆ ಮಂಗಟ್ಟೆ ಹಕ್ಕಿಯೊಂದು ಹಾರಿದ ಸದ್ದು, ಯಾರೋ ಓಡಿ ಬಂದು ಏದುಸಿರು ಬಿಟ್ಟಂತೆ, ನಮ್ಮನ್ನು ದಾಟಿ ಮುಂದೆ ಹೋಯಿತು. ಸುವರ್ಣಾ ಸ್ಥಿರವಾಗಿ ಓಡಿಸುತ್ತಿದ್ದಳು. ಮಿಸ್ತ್ರಿಯ ಕಣ್ಣು ಮುಚ್ಚಿತ್ತು, ತಲೆ ಅವಳ ಕಡೆ ತುಸು ವಾಲಿತ್ತು. ಮೋರಿ ಬಂತು. ನಿಲ್ಲಿಸಿ, ಚಾವಿ ತೆಗೆದು, ಮಡಿಲಲ್ಲಿಟ್ಟುಕೊಂಡಳು.

ಎಂಜಿನ್ನು ನಡುಗತೊಡಗಿತು. ಗೇರಿನ ಹಿಡಿ ಕಾಣದ ಕೈಯೊಂದು ಅಲ್ಲಾಡಿಸಿದಂತೆ ಅಲ್ಲಾಡಿತು, ಕನ್ನಡಿಯಲ್ಲಿ ಕಾಡು ಒಡೆದು ಒಡೆದು ಕಾಣಿಸಿತು, ಸುಟ್ಟ ಪೆಟ್ರೋಲಿನ ವಾಸನೆ ಒಳಗೆ ತುಂಬಿತು. “ಆತ್ರಿ,” ಎಂದಳು ಸುವರ್ಣಾ, ನಮ್ಮಿಬ್ಬರಿಗೂ ಅಲ್ಲದ ಮೆಲುದನಿಯಲ್ಲಿ, “ಸಾವಕಾಶ ಇಳೀರಿ.” ಆದರೆ ಆ ದಿನ ಅದು ನಿಲ್ಲಲಿಲ್ಲ. ನಡುಕ ಮಂದವಾಯಿತು ಎನ್ನುವಷ್ಟರಲ್ಲಿ ಮತ್ತೆ ಹಿಡಿದುಕೊಳ್ಳುತ್ತಿತ್ತು. ಸದ್ದು ಒರಟಾಗಿ, ಒಳಗಿನಿಂದ ಯಾರೋ ಬಾಗಿಲು ಬಡಿಯುತ್ತಿರುವಂತೆ ಆಯಿತು. ಚಾವಿ ಅವಳ ಮಡಿಲಲ್ಲಿತ್ತು, ನಾನದನ್ನು ನೋಡುತ್ತಲೇ ಇದ್ದೆ. ಅವಳ ಮುಖದ ಶಾಂತಿ ಮೆಲ್ಲಗೆ ಕಳಚಿ, ಕೆಳಗಿನಿಂದ ಭಯ ಮೇಲೆ ಬಂತು.

“ಯಾಕ ಹೋಗವಲ್ರು?” ಎಂದಳು. “ಹಾಶಿಮಭಾಯಿ, ಯಾಕ ಹೋಗವಲ್ರು?”

“ತಾನಾಗಿ ನಿಲ್ಲೂ ಹಂಗ ಕಾಣೂದಿಲ್ರಿ ಅಕ್ಕಾರ. ನೀವ ನಿಲ್ಲಸಬೇಕು. ಬ್ರೇಕ್ ಗಟ್ಟಿ ತುಳೀರಿ. ಗೇರಿಗೆ ಹಾಕಿ ಕ್ಲಚ್ ಬಿಡ್ರಿ.”

“ನನ್ನ ಕೈಲೇ?”

“ನನಗ ಬರತೈತಿ. ಆದ್ರ ನಾ ಮಾಡೂದಿಲ್ಲ.”

ಅವಳು ಗೇರಿನ ಹಿಡಿಯ ಮೇಲೆ ಕೈಯಿಟ್ಟಳು. ಆ ನಡುಕ ಅವಳ ತೋಳಿನವರೆಗೂ ಏರಿದ್ದು ನನಗೆ ಕಂಡಿತು. ತುಟಿ ಕಚ್ಚಿ ಕ್ಲಚ್ ಬಿಟ್ಟಳು. ಕಾರು ಒಮ್ಮೆ ಮುಂದಕ್ಕೆ ಮುಗ್ಗರಿಸಿ ಸತ್ತಂತೆ ನಿಂತಿತು. ಆಮೇಲಿನ ಮೌನದಲ್ಲಿ ಕಾಡಿನ ಒಂದು ಎಲೆಯೂ ಸದ್ದು ಮಾಡಲಿಲ್ಲ.

ಎಂಜಿನ್ನಿನ ಬಿಸಿ ಆರುವವರೆಗೆ ಮೋರಿಯ ಕಟ್ಟೆಯ ಮೇಲೆ ಕುಳಿತೆವು. ಆರಿದ ಮೇಲೆ ಮಿಸ್ತ್ರಿ ಆ ಬಿಳಿಯ ಪ್ಲಗ್ಗುಗಳನ್ನೆಲ್ಲ ಬಿಚ್ಚಿ ಕರವಸ್ತ್ರದ ಮೇಲೆ ಸಾಲಾಗಿಟ್ಟು ಬಂದು ಕುಳಿತರು. ಸುವರ್ಣಾ ಅವನ್ನೇ ನೋಡುತ್ತ, ಯಾರೂ ಕೇಳದೆಯೇ ಹೇಳಿದಳು: “ಅವತ್ತ ಮುಂಜಾನೆ ಎದಿ ಉರೀತೈತಿ ಅಂದಿದ್ರು. ಪಿತ್ತ ಆಗಿರಬೇಕಂತ ಅಂಗಡ್ಯಾಗಿನ ಗುಳಿಗಿ ಕೊಟ್ಟೆ. ದಿನಾ ಮಂದಿಗೆ ಕೊಡಾಕಿ ನಾನು. ಗಾಡಿ ನಡಗೂ ಅಷ್ಟೊತ್ತು ಅವರು ಇನ್ನೂ ಹೋಗಿರೂದಿಲ್ಲ ನೋಡ್ರಿ. ಇನ್ನೂ ಏನರೆ ಮಾಡಾಕ ಬರತಿರತೈತಿ.”

ಮಿಸ್ತ್ರಿ ಸಮಾಧಾನದ ಮಾತು ಆಡಲಿಲ್ಲ. “ಅದ ವಾರ ನಾ ಅವರ ಮಗ್ಗಲಕ ಕುಂತಿದ್ದೆ,” ಎಂದರು. “ಎಂಜಿನ್ನಿನಾಗ ಸಣ್ಣ ಟಕ್ ಟಕ್ ಇದ್ದದ್ದು ಕೇಳಿಸ್ತು. ಮಗ್ಗಲದಾಗಿನ ಮನಿಷ್ಯಾನ ಎದಿ ಕೇಳಿಸಲಿಲ್ಲ. ಕೇಳೂದ ನನ್ನ ಕಸುಬು ಅಂತ ತಿರಗತೀನಿ.”

ಅವಳು ಅತ್ತಳು. ಗಂಡ ಹೋದಾಗಿನಿಂದ ಅವಳು ಅತ್ತದ್ದನ್ನು ಯಾರೂ ಕಂಡಿರಲಿಲ್ಲ ಎಂದು ಊರವರು ಆಡಿಕೊಳ್ಳುತ್ತಿದ್ದರು. ಅಳು ಇಳಿದು ಅವಳು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಾಗ ಅದು ಕೇಳಿಸಿತು. ಕಾರಿನ ಮುಂಭಾಗದಿಂದ ಒಂದೇ ಒಂದು ಸದ್ದು. ಬಹಳ ಹೊತ್ತು ಕುಳಿತಿದ್ದವರು ಎದ್ದು ಹೊರಡುವ ಮೊದಲು ಗಂಟಲು ಸರಿಮಾಡಿಕೊಂಡಂಥ ಸದ್ದು. ಪ್ಲಗ್ಗುಗಳು ನಮ್ಮ ಮುಂದಿದ್ದವು. ಚಾವಿ ಅವಳ ಮುಷ್ಟಿಯಲ್ಲಿತ್ತು. ಆ ಎಂಜಿನ್ನಿನೊಳಗೆ ಕಿಡಿಯೂ ಇರಲಿಲ್ಲ, ಕೆಂಡವೂ ಇರಲಿಲ್ಲ.

“ಕೇಳಿಸ್ತೇನ್ರಿ?” ಎಂದಳು ಸುವರ್ಣಾ.

ಮಿಸ್ತ್ರಿಯ ಮುಖದಲ್ಲಿ ರಕ್ತವಿರಲಿಲ್ಲ. “ಕೇಳಿಸ್ತು,” ಎಂದರು.

ಆಮೇಲೆ ಅವರೇ ಎದ್ದು, ಜೇಬಿನಿಂದ ಎರಡು ಪೊಟ್ಟಣಗಳನ್ನೂ ತೆಗೆದು ಅವಳಿಗೆ ತೋರಿಸಿದರು. “ಇವು ಅವರಿಗಂತ ತರಿಸಿದ್ದು. ನಿನ್ನೆ ಇವನ್ನ ಹಾಕಿ ತಪ್ಪ ಮಾಡಿದೆ. ಅವರು ಓಡಸೂ ಹಂಗ ನೀವು ಓಡಸೂದಿಲ್ಲ, ಅದಕ್ಕ ಗಾಡಿ ಕೆಮ್ಮಾಕ ಹತ್ತಿತ್ತು. ಇವತ್ತ ನಿಮ್ಮ ಜೋಡಿ ಬಂದ್ನಲ್ಲ, ತಿಳೀತು. ನಿಮಗ ಇವು, ಒಂದ ಮೆಟ್ಟಲ ಥಂಡಿ, ಅಷ್ಟ ಸಾಕು.” ಆ ಎರಡನೆಯ ಪೊಟ್ಟಣದ ಪ್ಲಗ್ಗುಗಳನ್ನು ಕೂರಿಸಿ, ಗಾಡಿ ನಿಂತಿರುವಾಗ ಎಂಜಿನ್ನು ತಿರುಗುವ ವೇಗವನ್ನು ತುಸು ಇಳಿಸಿದರು. ವಾಪಸು ಬರುವಾಗ ಕಾರು ಕೆಮ್ಮಲಿಲ್ಲ. ಗ್ಯಾರೇಜಿನಲ್ಲಿ ಚಾವಿ ತೆಗೆದೊಡನೆ ನಿಂತಿತು. ಸುವರ್ಣಾ ಕೆಲಹೊತ್ತು ಸ್ಟೇರಿಂಗ್ ಹಿಡಿದೇ ಕುಳಿತಿದ್ದು, ಆಮೇಲೆ ಇಳಿದಳು.

ಆ ಸದ್ದು ಏನಾಗಿತ್ತು ಎಂದು ನಾನು ಮಿಸ್ತ್ರಿಯನ್ನು ಬಿಡದೆ ಕೇಳಿದ್ದೇನೆ. ಕಬ್ಬಿಣ ತಣಿಯುವಾಗ ಟಕ್ಕೆನ್ನುತ್ತದೆ, ಕಾರ್ಬುರೇಟರಿನಲ್ಲಿ ಪೆಟ್ರೋಲು ಇಳಿಯುತ್ತದೆ, ಸೈಲೆನ್ಸರು ಕುಗ್ಗುತ್ತದೆ ಎಂದು ಅವರೇ ಒಂದೊಂದಾಗಿ ಹೇಳಿ, “ಯಾವುದೂ ಅದಲ್ರಿ. ಅವು ಎಲ್ಲಾ ನನಗ ಗೊತ್ತದಾವು,” ಎಂದು ಮುಗಿಸುತ್ತಾರೆ. ಸುವರ್ಣಾ ಈಗಲೂ ಆ ರಸ್ತೆಯಲ್ಲಿ ಹೋಗುತ್ತಾಳೆ, ಗಂಡನ ಕೋಣೆಗಳ ವ್ಯವಹಾರ ಅವಳ ಕೈಯಲ್ಲೇ ಇದೆ. ಮೋರಿಯ ಹತ್ತಿರ ನಿಲ್ಲಿಸುವುದಿಲ್ಲವಂತೆ. ಅಂಗಡಿಯಲ್ಲಿ ಯಾರಾದರೂ ಎದೆಯುರಿಗೆ ಗುಳಿಗೆ ಕೇಳಿದರೆ ಕೊಡುವ ಮೊದಲು, “ಹೆಂಗ ಉರೀತೈತಿ? ತೋಳಿಗೂ ಬರತೈತೇನು? ಬೆವರು?” ಎಂದು ವಿಚಾರಿಸುತ್ತಾಳೆ. ಹಾಗೆ ಅವಳು ದವಾಖಾನೆಗೆ ಓಡಿಸಿದವರಲ್ಲಿ ಒಬ್ಬರಾದರೂ ಬದುಕಿಕೊಂಡಿದ್ದಾರೆ. ನನ್ನ ಸಹೋದ್ಯೋಗಿ ನಿರ್ಮಲಾ ಅವರ ತಂದೆ.

ಸತ್ತವರ ಜಾಡು ಹಿಡಿದು ಹೊರಟವರಿಗೆ ನಮ್ಮಲ್ಲಿ ಎರಡು ಬಗೆಯ ಉಪದೇಶಕರು ಸಿಗುತ್ತಾರೆ. ಇದೆಲ್ಲ ಭ್ರಮೆ ಎಂದು ಕಾರಣ ವಿವರಿಸಿ ಎದ್ದುಹೋಗುವವರು ಕೆಲವರು. ಆ ಭಯಕ್ಕೇ ಧೂಪ ಹಾಕಿ ಬೆಳೆಸುವವರು ಹಲವರು. ಇವೆರಡರ ನಡುವೆ, ಊರಿಗೊಬ್ಬರೋ ಇಬ್ಬರೋ, ಕಾರಣವನ್ನು ಬಲ್ಲ, ಅದನ್ನು ತಮ್ಮ ಕೈಯಿಂದಲೇ ಸರಿಪಡಿಸುವ, ಆದರೆ ಕಾರಣ ತಿಳಿದ ಮಾತ್ರಕ್ಕೆ ನೋವು ಮುಗಿಯಿತೆಂದು ಭಾವಿಸದ ಜನ ಇರುತ್ತಾರೆ. ತಮ್ಮ ತಿಳಿವಳಿಕೆಯ ಗಡಿಯಾಚೆ ಏನೋ ಸದ್ದಾದಾಗ ಕೇಳಿಸಲಿಲ್ಲವೆಂದು ಸುಳ್ಳು ಹೇಳಲಾರದವರು ಅವರು. ಅಂಥವರು ನಮ್ಮ ಭಯವನ್ನು ಓಡಿಸುವುದಿಲ್ಲ. ಅದರೊಳಗೆ ಬಂದು ನಮ್ಮ ಪಕ್ಕದಲ್ಲಿ ಕುಳಿತುಕೊಳ್ಳುತ್ತಾರೆ. ಒಬ್ಬರೇ ಧೈರ್ಯವಾಗಿರುವುದಕ್ಕಿಂತ ಅಂಥವರೊಡನೆ ಕೂತು ಹೆದರುವುದು ಎಷ್ಟೋ ಹಗುರ.